ಐಗಳ ಮಠದಿಂದ ರಾತ್ರಿಶಾಲೆಗೆ

ಮುಂಬಯಿಯಲ್ಲಿ ನೆಲೆಸಿದ ಕರಾವಳಿಯ ಹಿರಿಯರನ್ನು ಅವರ ವಿದ್ಯಾಭ್ಯಾಸದ ವಿಷಯವಾಗಿ ಕೇಳಿದರೆ, ಅನೇಕರ ನೆನಪು ಊರಿನ ಒಂದೇ ಕೋಣೆಯ ಶಾಲೆಯಲ್ಲಿ ಹೋಗಿ ನಿಲ್ಲುತ್ತದೆ. ಅಂತಹ ಎಷ್ಟೋ ಶಾಲೆಗಳಿಗೆ ಮೂಲವಾದುದು ಐಗಳ ಮಠ.

ಮಠವೆಂದರೆ ಇಲ್ಲಿ ಸಂನ್ಯಾಸಿಗಳ ನೆಲೆಯಲ್ಲ. ಯಾರದೋ ಮನೆಯ ಜಗಲಿ, ಇಲ್ಲವೆ ಮುಳಿಹುಲ್ಲಿನ ಮಾಡು, ಒಬ್ಬರೇ ಐಗಳು, ನಾನಾ ವಯಸ್ಸಿನ ಮಕ್ಕಳು. ನೆಲದಲ್ಲಿ ಹರಡಿದ ಹೊಯಿಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದೇ ಮೊದಲ ಪಾಠ. ಮಗ್ಗಿಯನ್ನು ಎಲ್ಲರೂ ಒಕ್ಕೊರಲಿನಿಂದ ಒಪ್ಪಿಸಬೇಕು. ಕಲಿತ ಹುಡುಗರು ಕಿರಿಯರಿಗೆ ಹೇಳಿಕೊಡಬೇಕು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಗುವಿಗೆ ಕನ್ನಡವು ದೊರೆತುದು ಈ ಜಗಲಿಯಲ್ಲಿಯೇ.

ಈ ಕ್ರಮವನ್ನು ಹಳ್ಳಿಯದೆಂದು ಹಳಿಯುವಂತಿಲ್ಲ. ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆ್ಯಂಡ್ರೂ ಬೆಲ್ ಎಂಬ ಪಾದ್ರಿಯು, ನಮ್ಮ ನಾಡಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಆಚರಣೆಗೆ ತಂದನು. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದನು. 1797ರಲ್ಲಿ ಆತನು ಪ್ರಕಟಿಸಿದ ಪುಸ್ತಕದಿಂದ ‘ಮದ್ರಾಸ್ ಪದ್ಧತಿ’ಯು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು.

ಆದರೆ ಜಗಲಿಯು ಸರ್ವರಿಗೂ ತೆರೆದಿರಲಿಲ್ಲವೆಂಬ ಸತ್ಯವನ್ನು ಮರೆಮಾಚಲಾಗದು. ಅಸ್ಪೃಶ್ಯರೆಂದು ದೂರವಿರಿಸಿದ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಬೇರೆಯೇ ಶಾಲೆಯನ್ನು ತೆರೆಯಬೇಕಾಯಿತು. ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಸಹಿಸಬೇಕಾಯಿತು.

ಮುಂದೆ ಎಷ್ಟೋ ಮಠಗಳು ಸರಕಾರದ ಅನುದಾನ ಪಡೆದು ಪ್ರಾಥಮಿಕ ಶಾಲೆಗಳಾದುವು. ಅಲ್ಲಿ ನಾಲ್ಕೈದು ತರಗತಿ ಓದಿದ ಹುಡುಗರು ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಪುಸ್ತಕ ಹಿಡಿದರು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಅವರಿಗಾಗಿ ಉಚಿತ ರಾತ್ರಿಶಾಲೆಗಳನ್ನು ನಡೆಸಿದುವು. ಎರವಲು ಕೋಣೆ, ನಾನಾ ವಯಸ್ಸಿನ ವಿದ್ಯಾರ್ಥಿಗಳು, ದಣಿದ ಕಣ್ಣುಗಳು: ಊರಿನ ಮಠವೇ ವಿದ್ಯುದ್ದೀಪದ ಕೆಳಗೆ ಮತ್ತೆ ಕೂಡಿದಂತಾಯಿತು. ಅಲ್ಲಿಂದ ಗುಮಾಸ್ತರೂ ವಕೀಲರೂ ಉದ್ಯಮಿಗಳೂ ಹೊರಬಂದರು.

ಇಂದು ಆ ರಾತ್ರಿಶಾಲೆಗಳಲ್ಲಿ ಹಲವು ಮುಚ್ಚಿವೆ. ಊರಿನ ಕನ್ನಡ ಶಾಲೆಗಳಿಗೂ ಮಕ್ಕಳ ಕೊರತೆ. ಕಟ್ಟಡವು ಬಿದ್ದರೆ ಮತ್ತೊಂದನ್ನು ಕಟ್ಟಬಹುದು. ಹಾಜರಿ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಊರಿನ ಒಂದು ತಲೆಮಾರೇ ಅಳಿದಂತೆ. ಮುಂದಿನ ಸಲ ಊರಿಗೆ ಹೋದಾಗ ವಾಚಕರು ತಮ್ಮ ಶಾಲೆಯ ಮೆಟ್ಟಿಲು ಹತ್ತಲಿ. ಮೊದಲ ಅಕ್ಷರ ತಿದ್ದಿಸಿದವರ ಹೆಸರನ್ನು ಬರೆದಿಟ್ಟುಕೊಳ್ಳಲಿ. ಈ ಪತ್ರಿಕೆಯನ್ನು ಓದಬಲ್ಲವರೆಲ್ಲರ ಮೇಲೆ ಆ ಋಣವಿದೆ.