ಕಡಿಮೆ ತೂಕದ ನವಜಾತ ಶಿಶು: ಗ್ರಾಮ ಪಂಚಾಯತ್ ಸದಸ್ಯರು ತಿಳಿದಿರಬೇಕಾದ ಅಂಶಗಳು

ಜನನದ ಸಮಯದಲ್ಲಿ 2.5 ಕಿ.ಗ್ರಾಂ.ಗಿಂತ ಕಡಿಮೆ ತೂಕವಿರುವ ಶಿಶುವನ್ನು ಕಡಿಮೆ ಜನನ ತೂಕದ ಶಿಶು ಎಂದು ಪರಿಗಣಿಸಲಾಗುತ್ತದೆ. 1.5 ಕಿ.ಗ್ರಾಂ.ಗಿಂತ ಕಡಿಮೆಯಿದ್ದಲ್ಲಿ ಅದು ಅತಿ ಕಡಿಮೆ ತೂಕ. ಇಂತಹ ಶಿಶುಗಳ ಚಿಕಿತ್ಸೆಗೆ ಮಂಗಳೂರಿನ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆಯಲ್ಲಿ ವಿಶೇಷ ವ್ಯವಸ್ಥೆಯಿದೆ. ಆದರೆ ಹೆರಿಗೆಗೆ ಮುಂಚಿನ ತಿಂಗಳುಗಳನ್ನೂ ಮನೆಗೆ ಮರಳಿದ ನಂತರದ ವಾರಗಳನ್ನೂ ತಾಯಿ ಕಳೆಯುವುದು ತನ್ನ ಗ್ರಾಮದಲ್ಲಿ. ಆದುದರಿಂದ ಈ ವಿಷಯದಲ್ಲಿ ಗ್ರಾಮ ಪಂಚಾಯತ್‌ನ ಹೊಣೆ ಹಿರಿದಾದುದು.

ಕಾರಣಗಳು

37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು ಹಾಗೂ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗುವುದು, ಇವೆರಡು ಮುಖ್ಯ ಕಾರಣಗಳು. ತಾಯಿಯ ರಕ್ತಹೀನತೆ, ಅಪೌಷ್ಟಿಕತೆ, ಅಧಿಕ ರಕ್ತದೊತ್ತಡ, ಸೋಂಕು ಮತ್ತು ಹೆರಿಗೆಗಳ ನಡುವೆ ಸಾಕಷ್ಟು ಅಂತರವಿಲ್ಲದಿರುವುದು ಇವುಗಳಿಗೆ ಎಡೆಮಾಡುತ್ತವೆ.

ಮಂಗಳೂರು ಮತ್ತು ಸುತ್ತಲಿನ ಪ್ರದೇಶದಲ್ಲಿ ಇನ್ನೆರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಮಲೇರಿಯಾ. ಗರ್ಭಿಣಿಗೆ ಮಲೇರಿಯಾ ತಗುಲಿದರೆ ರಕ್ತಹೀನತೆ ಹೆಚ್ಚಿ, ಗರ್ಭಸ್ಥ ಶಿಶುವಿಗೆ ದೊರೆಯುವ ಪೋಷಣೆ ಕುಗ್ಗುತ್ತದೆ. ಆದುದರಿಂದ ಜ್ವರ ಕಾಣಿಸಿದ ಕೂಡಲೇ ರಕ್ತಪರೀಕ್ಷೆ ಅಗತ್ಯ. ಎರಡನೆಯದು ತಂಬಾಕು. ಬೀಡಿ ಕಟ್ಟುವುದು ಜಿಲ್ಲೆಯ ಅನೇಕ ಮಹಿಳೆಯರ ಜೀವನಾಧಾರ. ಗರ್ಭಿಣಿಯರು ತಂಬಾಕಿನ ಪುಡಿಯಿಂದ ಆದಷ್ಟು ದೂರವಿರಬೇಕು. ಮನೆಯೊಳಗೆ ಯಾರೂ ಧೂಮಪಾನ ಮಾಡಬಾರದು.

ಮನೆಯಲ್ಲಿ ಆರೈಕೆ

ಕಡಿಮೆ ತೂಕದ ಶಿಶುವಿನ ದೇಹದಲ್ಲಿ ಕೊಬ್ಬಿನ ಅಂಶ ಅಲ್ಪವಾಗಿರುವುದರಿಂದ ಅದು ಬೇಗನೆ ತಣ್ಣಗಾಗುತ್ತದೆ. ತಣ್ಣಗಾದ ಶಿಶು ಹಾಲು ಚೀಪುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಖರ್ಚಿಲ್ಲದ ಪರಿಹಾರವೆಂದರೆ ಕಾಂಗರೂ ತಾಯಿ ಆರೈಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಆರಂಭವಾದ ಈ ವಿಧಾನವನ್ನು ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ವ್ಯಾಪಕವಾಗಿ ಅಳವಡಿಸಲಾಗಿದೆ. ಟೋಪಿ, ಕಾಲುಚೀಲ ತೊಡಿಸಿದ ಶಿಶುವನ್ನು ತಾಯಿಯ ಬರಿಮೈಯ ಎದೆಗೆ ತಾಗಿಸಿ, ಮೇಲೆ ಬಟ್ಟೆ ಹೊದಿಸುವುದೇ ಈ ಕ್ರಮ. ತಾಯಿಗೆ ವಿಶ್ರಾಂತಿ ಬೇಕಾದಾಗ ತಂದೆ ಅಥವಾ ಅಜ್ಜಿಯೂ ಇದನ್ನು ಮಾಡಬಹುದು.

ಎರಡು ಗಂಟೆಗೊಮ್ಮೆ ಎದೆಹಾಲು ಕೊಡಬೇಕು. ಜೇನುತುಪ್ಪ, ಸಕ್ಕರೆ ನೀರು ಕೊಡಬಾರದು. ಎಣ್ಣೆ ಹಚ್ಚಿ ಮೀಯಿಸುವ ರೂಢಿಯನ್ನು ಆರೋಗ್ಯ ಸಿಬ್ಬಂದಿ ಒಪ್ಪುವವರೆಗೆ ಮುಂದೂಡಬೇಕು. ಶಿಶು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಜ್ವರ ಅಥವಾ ಸೆಳೆತ ಬಂದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ತವರಿಗೆ ಹೋದ ಬಾಣಂತಿ

ಆಸ್ಪತ್ರೆಯಲ್ಲಿ ಹೆರಿಗೆಯಾದ ಪಕ್ಷದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಭೇಟಿ ನೀಡಿ ಶಿಶುವನ್ನು ತೂಗಬೇಕು. ಆದರೆ ಗರ್ಭಿಣಿಯ ನೋಂದಣಿ ಗಂಡನ ಮನೆಯ ಗ್ರಾಮದಲ್ಲಿಯೂ, ಬಾಣಂತನ ತವರಿನ ಗ್ರಾಮದಲ್ಲಿಯೂ ಆಗುವುದುಂಟು. ಆಗ ಆ ಗ್ರಾಮದವರು ನೋಡಿಕೊಳ್ಳುತ್ತಾರೆಂದು ಇವರೂ, ಇವರು ನೋಡಿಕೊಳ್ಳುತ್ತಾರೆಂದು ಅವರೂ ಭಾವಿಸಿದರೆ, ಹೆಚ್ಚಿನ ನಿಗಾ ಬೇಕಾದ ಶಿಶುವೇ ಎರಡೂ ಪಟ್ಟಿಗಳಿಂದ ಬಿಟ್ಟುಹೋಗುತ್ತದೆ. ಒಂದು ದೂರವಾಣಿ ಕರೆಯಿಂದ ಇದನ್ನು ತಪ್ಪಿಸಬಹುದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಪ್ರತಿ ಸಭೆಯಲ್ಲಿ ಕಡಿಮೆ ತೂಕದ ಶಿಶುಗಳ ಭೇಟಿಯ ವಿವರವನ್ನು ಪರಿಶೀಲಿಸುವುದು.

2. ತವರಿಗೆ ಹೋಗುವ ಹಾಗೂ ತವರಿಗೆ ಬಂದಿರುವ ಬಾಣಂತಿಯರ ಮಾಹಿತಿಯನ್ನು ಎರಡೂ ಗ್ರಾಮಗಳ ಆಶಾ ಕಾರ್ಯಕರ್ತೆಯರು ಹಂಚಿಕೊಂಡಿರುವುದನ್ನು ಖಚಿತಪಡಿಸಿಕೊಳ್ಳುವುದು.

3. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಆಹಾರವು ಗುಡ್ಡದ ಮೇಲಿನ ಒಂಟಿ ಮನೆಯ ಗರ್ಭಿಣಿಗೂ ದೊರೆಯುತ್ತಿದೆಯೇ ಎಂದು ವಿಚಾರಿಸುವುದು.

4. ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ನಿಂತ ನೀರನ್ನು ತೆರವುಗೊಳಿಸುವುದು. ಅಲ್ಲಿನ ವಲಸೆ ಕಾರ್ಮಿಕ ಗರ್ಭಿಣಿಯರಿಗೂ ತಾಯಿ ಕಾರ್ಡ್ ಕೊಡಿಸುವುದು.

5. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅನಾರೋಗ್ಯಪೀಡಿತ ಶಿಶುವಿಗೆ ಒಂದು ವರ್ಷ ತುಂಬುವವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮತ್ತು ಸಾರಿಗೆ ಉಚಿತವೆಂಬುದನ್ನು ಗ್ರಾಮಸಭೆಯಲ್ಲಿ ತಿಳಿಸುವುದು.