ಚಿನ್ನ, ಬೆಳ್ಳಿ ಆಭರಣ ಖರೀದಿ: ಗ್ರಾಹಕರು ತಿಳಿದಿರಬೇಕಾದ ಅಂಶಗಳು
(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಮೇಲ್ಕಂಡ ನಾಲ್ಕು ತಾಲ್ಲೂಕುಗಳ ಬಹುಪಾಲು ಕುಟುಂಬಗಳು ಕೃಷಿ, ನೇಕಾರಿಕೆ ಹಾಗೂ ಕೂಲಿಯನ್ನು ಅವಲಂಬಿಸಿವೆ. ಇಂತಹ ಕುಟುಂಬಗಳಲ್ಲಿ ಆಭರಣವು ಅಲಂಕಾರದ ವಸ್ತು ಮಾತ್ರವಲ್ಲ, ಕಷ್ಟಕಾಲದ ಉಳಿತಾಯವೂ ಆಗಿದೆ. ಮದುವೆಯಲ್ಲಿ ಮಗಳಿಗೆ ಹಾಕಿದ ಬೋರಮಾಳ ಸರವೇ ಮುಂದೆ ಬಿತ್ತನೆಯ ಖರ್ಚಿಗೋ ಆಸ್ಪತ್ರೆಯ ಖರ್ಚಿಗೋ ಬ್ಯಾಂಕಿನಲ್ಲಿ ಅಡವು ಇಡಲ್ಪಡುತ್ತದೆ. ಖರೀದಿಯ ದಿನ ಆದ ಮೋಸವು ಅನೇಕ ಸಂದರ್ಭಗಳಲ್ಲಿ ತಿಳಿಯುವುದು ಅಂದೇ. ಅಷ್ಟರಲ್ಲಿ ರಸೀದಿಯೂ ಇರುವುದಿಲ್ಲ, ದೂರು ಸಲ್ಲಿಸುವ ಅವಧಿಯೂ ಮುಗಿದಿರುತ್ತದೆ. ಆದುದರಿಂದ ಖರೀದಿಗೆ ಮುನ್ನವೇ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಹಾಲ್‌ಮಾರ್ಕ್ ಎಂದರೇನು?

ಆಭರಣದಲ್ಲಿರುವ ಚಿನ್ನದ ಶುದ್ಧತೆಯನ್ನು ಪರೀಕ್ಷಿಸಿ, ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಮಾನ್ಯತೆ ಪಡೆದ ಕೇಂದ್ರವು ಒತ್ತುವ ಮುದ್ರೆಯೇ ಹಾಲ್‌ಮಾರ್ಕ್. ಚಿನ್ನಕ್ಕೆ ಈ ವ್ಯವಸ್ಥೆಯು 2000ನೇ ಇಸವಿಯಲ್ಲಿ ಆರಂಭವಾಯಿತು. 2021ರ ಜೂನ್ 23ರಿಂದ ಅಧಿಸೂಚಿತ ಜಿಲ್ಲೆಗಳಲ್ಲಿ ಹಂತ ಹಂತವಾಗಿ ಕಡ್ಡಾಯಗೊಳಿಸಲಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ ಹಾಗೂ ಅಂಕಿಗಳ ವಿಶಿಷ್ಟ ಗುರುತು ಸಂಖ್ಯೆ, ಅಂದರೆ ಎಚ್‌ಯುಐಡಿ ಇರುವ ಹಾಲ್‌ಮಾರ್ಕ್ ಮಾತ್ರ ಮಾರಾಟಕ್ಕೆ ಮಾನ್ಯವಾಗಿದೆ.

ಆಭರಣದ ಮೇಲೆ ಈ ಕೆಳಕಂಡ ಮೂರು ಗುರುತುಗಳು ಇರಬೇಕು:
ಅ) ತ್ರಿಕೋನಾಕಾರದ ಬಿಐಎಸ್ ಚಿಹ್ನೆ
ಆ) ಶುದ್ಧತೆ: 22 ಕ್ಯಾರೆಟ್‌ಗೆ 916, 20 ಕ್ಯಾರೆಟ್‌ಗೆ 833, 18 ಕ್ಯಾರೆಟ್‌ಗೆ 750, 14 ಕ್ಯಾರೆಟ್‌ಗೆ 585
ಇ) ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ

916 ಎಂದರೆ ಸಾವಿರ ಭಾಗಗಳಲ್ಲಿ 916 ಭಾಗ ಶುದ್ಧ ಚಿನ್ನ ಎಂದರ್ಥ. ಗುರುತುಗಳು ಬಹಳ ಸಣ್ಣವಾಗಿರುವುದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಅಂಗಡಿಯವರಿಂದ ಕೇಳಿ ಪಡೆದು ನೋಡಬೇಕು. ನಂತರ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಎಚ್‌ಯುಐಡಿ ನಮೂದಿಸಿದಲ್ಲಿ ಆಭರಣದ ಬಗೆ, ಶುದ್ಧತೆ, ಪರೀಕ್ಷಾ ಕೇಂದ್ರ ಹಾಗೂ ವ್ಯಾಪಾರಿಯ ನೋಂದಣಿ ವಿವರ ದೊರೆಯುತ್ತದೆ. ಕೈಯಲ್ಲಿರುವುದು ಸರ, ಆ್ಯಪ್‌ನಲ್ಲಿ ತೋರುವುದು ಉಂಗುರ ಎಂದಾದಲ್ಲಿ ಅಂತಹ ಆಭರಣವನ್ನು ಕೊಳ್ಳಬಾರದು.

ಎರಡು ಗ್ರಾಂಗಿಂತ ಕಡಿಮೆ ತೂಕದ ಆಭರಣ, ಕುಂದನ್, ಪೋಲ್ಕಿ ಮತ್ತು ಜಡಾವು ಆಭರಣ ಹಾಗೂ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ವ್ಯಾಪಾರಿಗಳಿಗೆ ಕಡ್ಡಾಯದಿಂದ ವಿನಾಯಿತಿ ಇದೆ. ಊರಿನ ಸಣ್ಣ ಪತ್ತಾರರು ಇದರಡಿ ಬರಬಹುದು. ಆದರೆ ವಿನಾಯಿತಿ ಇರುವುದು ಮುದ್ರೆಗೆ ಮಾತ್ರ. ಹೇಳಿದ ಶುದ್ಧತೆಗೆ ಹಾಗೂ ತೂಕಕ್ಕೆ ಅಲ್ಲ. ಕೆ.ಡಿ.ಎಂ. ಎಂಬ ಮಾತನ್ನು ಶುದ್ಧತೆಯ ಪ್ರಮಾಣವೆಂದು ತಿಳಿಯುವುದು ತಪ್ಪು. ಅದು ಕ್ಯಾಡ್ಮಿಯಂ ಬಳಸಿ ಬೆಸುಗೆ ಹಾಕುವ ವಿಧಾನ. ಅದರ ಹೊಗೆ ಬೆಸುಗೆ ಹಾಕುವ ಅಕ್ಕಸಾಲಿಗರ ಶ್ವಾಸಕೋಶ ಮತ್ತು ಮೂತ್ರಪಿಂಡಗಳಿಗೆ ಹಾನಿಕರ.

2. ತೂಕ ಮತ್ತು ರಸೀದಿ

ಬೋರಮಾಳ, ಗುಂಡಿನ ಸರ ಮುಂತಾದ ಪೊಳ್ಳು ಗುಂಡುಗಳ ಆಭರಣಗಳಲ್ಲಿ ಒಳಗೆ ಅರಗು ತುಂಬುವ ರೂಢಿಯಿದೆ. ಹರಳು, ಮುತ್ತು, ಕರಿಮಣಿಗಳಿಗೂ ತೂಕವಿರುತ್ತದೆ. ಉದಾಹರಣೆಗೆ, ತಕ್ಕಡಿಯಲ್ಲಿ 30 ಗ್ರಾಂ ತೂಗುವ ಸರದಲ್ಲಿ 4 ಗ್ರಾಂ ಅರಗು ಇದ್ದಲ್ಲಿ ಚಿನ್ನ ಇರುವುದು 26 ಗ್ರಾಂ ಮಾತ್ರ. 30 ಗ್ರಾಂಗೆ ದರ ಕಟ್ಟಿದರೆ ಗ್ರಾಹಕರು ಅರಗಿಗೆ ಚಿನ್ನದ ಬೆಲೆ ತೆತ್ತಂತಾಗುತ್ತದೆ. ಅದನ್ನು ಅಡವು ಇಡುವಾಗಲಾದರೋ ಬ್ಯಾಂಕಿನವರು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ; ಅರಗು, ಹರಳು, ಮಜೂರಿ ಯಾವುದಕ್ಕೂ ಬೆಲೆ ಇರುವುದಿಲ್ಲ.

ಆದುದರಿಂದ ರಸೀದಿಯಲ್ಲಿ ಈ ಕೆಳಕಂಡ ವಿವರಗಳು ಪ್ರತ್ಯೇಕವಾಗಿ ಇವೆಯೇ ಎಂದು ನೋಡಿಕೊಳ್ಳಬೇಕು:
ಅ) ಆಭರಣದ ಹೆಸರು ಹಾಗೂ ವಿವರ
ಆ) ಒಟ್ಟು ತೂಕ ಮತ್ತು ಚಿನ್ನದ ನಿವ್ವಳ ತೂಕ
ಇ) ಕ್ಯಾರೆಟ್ ಮತ್ತು ಶುದ್ಧತೆ
ಈ) ಆ ದಿನದ ದರ
ಉ) ಮಜೂರಿ ಹಾಗೂ ವೇಸ್ಟೇಜ್
ಊ) ಹರಳಿನ ಬೆಲೆ
ಋ) ಹಾಲ್‌ಮಾರ್ಕ್ ಶುಲ್ಕ
ೠ) ಶೇ. 3ರ ಸರಕು ಮತ್ತು ಸೇವಾ ತೆರಿಗೆ

ತೆರಿಗೆ ಉಳಿಯುತ್ತದೆ ಎಂಬ ಮಾತಿಗೆ ಮರುಳಾಗಿ ಬಿಳಿ ಚೀಟಿಯ ಮೇಲೆ ಲೆಕ್ಕ ಬರೆಸಿಕೊಂಡು ಬಂದಲ್ಲಿ ಮುಂದೆ ದೂರು ನೀಡಲು ಆಧಾರವೇ ಇಲ್ಲದಂತಾಗುತ್ತದೆ. ವ್ಯಾಪಾರಕ್ಕೆ ಬಳಸುವ ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪ್ರತಿ 12 ತಿಂಗಳಿಗೊಮ್ಮೆ ಮುದ್ರೆ ಹಾಕಿಸುವುದು ಕಡ್ಡಾಯ. ಇದರ ಪ್ರಮಾಣಪತ್ರವನ್ನು ತೋರಿಸುವಂತೆ ಕೇಳಲು ಗ್ರಾಹಕರು ಸಂಕೋಚಪಡಬೇಕಾಗಿಲ್ಲ.

3. ಬೆಳ್ಳಿ ಸಾಮಾನು

ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಯ ಸಮಯದಲ್ಲಿ ಸವದತ್ತಿಯ ಶ್ರೀ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಹರಕೆಗಾಗಿ ಬೆಳ್ಳಿಯ ಸಣ್ಣ ವಸ್ತುಗಳನ್ನು ಕೊಳ್ಳುತ್ತಾರೆ. ಜರ್ಮನ್ ಸಿಲ್ವರ್ ಎಂಬ ಲೋಹದಲ್ಲಿ ಬೆಳ್ಳಿಯ ಅಂಶವೇ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ಬೆಳ್ಳಿಗೂ 2005ರಿಂದ ಹಾಲ್‌ಮಾರ್ಕ್ ವ್ಯವಸ್ಥೆ ಇದ್ದು, 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಪಡೆಯುವ ಬೆಳ್ಳಿ ಆಭರಣಗಳಿಗೂ ಎಚ್‌ಯುಐಡಿ ನೀಡಲಾಗುತ್ತಿದೆ. ಕಾಲುಂಗುರ, ಕಾಲ್ಗಡಗ, ಪೂಜಾ ಸಾಮಗ್ರಿ ಕೊಳ್ಳುವವರು ಶುದ್ಧತೆಯ ಅಂಕಿ (ಉದಾ: 925, 990) ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳುವುದು ಸೂಕ್ತ.

4. ಪರಿಸರ ಮತ್ತು ದುಡಿಯುವವರ ಹಿತ

ಹಾಲ್‌ಮಾರ್ಕ್ ಶುದ್ಧತೆಯನ್ನು ತಿಳಿಸುತ್ತದೆ. ಚಿನ್ನವು ಯಾವ ಗಣಿಯಿಂದ ಬಂತು ಎಂಬುದನ್ನು ತಿಳಿಸುವುದಿಲ್ಲ. ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಯು 2001ರ ಫೆಬ್ರುವರಿ 28ರಂದು ಮುಚ್ಚಿತು. ಅಲ್ಲಿನ ಸೈನೈಡ್ ದಿಬ್ಬಗಳ ಧೂಳು ಗಣಿ ಮುಚ್ಚಿದ ನಂತರವೂ ಸುತ್ತಲಿನ ಜನರಿಗೆ ತೊಂದರೆ ನೀಡಿದೆ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯು ಚಿನ್ನ ತೆಗೆಯುತ್ತಿದೆಯಾದರೂ ದೇಶದ ಬೇಡಿಕೆಗೆ ಹೋಲಿಸಿದಲ್ಲಿ ಅದು ಅತ್ಯಲ್ಪ. ಹೆಚ್ಚಿನ ಚಿನ್ನವು ಹೊರದೇಶಗಳಿಂದ ಬರುತ್ತದೆ. ಅನೇಕ ದೇಶಗಳ ಸಣ್ಣ ಗಣಿಗಳಲ್ಲಿ ಅದಿರಿನಿಂದ ಚಿನ್ನ ಬೇರ್ಪಡಿಸಲು ಪಾದರಸ ಬಳಸುತ್ತಾರೆ. ಇದು ಗಣಿ ಕಾರ್ಮಿಕರ ನರಮಂಡಲಕ್ಕೂ, ನದಿಗಳ ನೀರು ಹಾಗೂ ಮೀನಿಗೂ ವಿಷವಾಗುತ್ತದೆ. ಪಾದರಸದ ನಿಯಂತ್ರಣಕ್ಕಾಗಿ ರೂಪಿಸಲಾದ ಮಿನಮಾಟಾ ಒಪ್ಪಂದವು 2017ರಲ್ಲಿ ಜಾರಿಗೆ ಬಂದಿದ್ದು, ಭಾರತವು 2018ರಲ್ಲಿ ಅದನ್ನು ಅನುಮೋದಿಸಿದೆ.

ಈ ಹಾನಿಯನ್ನು ತಗ್ಗಿಸಲು ಗ್ರಾಹಕರ ಕೈಯಲ್ಲಿರುವ ಸುಲಭ ಮಾರ್ಗವೆಂದರೆ ಮನೆಯ ಹಳೆಯ ಚಿನ್ನವನ್ನು ಕರಗಿಸಿ ಹೊಸದಾಗಿ ಮಾಡಿಸುವುದು. ಅಜ್ಜಿಯ ಪಾಟಲಿಯಿಂದ ಮೊಮ್ಮಗಳ ಸರ ಮಾಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿಯೇ ಆಗಿದೆ. ಇದರಿಂದ ಹೊಸ ಚಿನ್ನದ ಖರೀದಿ ತಗ್ಗುತ್ತದೆ, ಊರಿನ ಪತ್ತಾರರಿಗೆ ಕೆಲಸವೂ ದೊರೆಯುತ್ತದೆ. ಆದರೆ ಕರಗಿಸುವ ಮುನ್ನ ಹಳೆಯ ಆಭರಣವನ್ನು ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ತೋರಿಸಿ ಶುದ್ಧತೆಯ ವರದಿ ಪಡೆಯುವುದು ಒಳ್ಳೆಯದು. ನಾಲ್ಕು ಆಭರಣಗಳವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ತಲಾ 45 ರೂಪಾಯಿ ಶುಲ್ಕ ನಿಗದಿಯಾಗಿದೆ, ತೆರಿಗೆ ಪ್ರತ್ಯೇಕ. ಕೇಂದ್ರಗಳ ಪಟ್ಟಿಯು ಬಿಐಎಸ್ ಜಾಲತಾಣದಲ್ಲಿ ಲಭ್ಯವಿದೆ.

5. ಕೊಳ್ಳಬಾರದ ವಸ್ತುಗಳು

ಹುಲಿಯುಗುರಿನ ಪದಕ, ಆನೆ ಬಾಲದ ಕೂದಲಿನ ಉಂಗುರ, ದಂತದ ಬಳೆ ಮುಂತಾದವುಗಳ ಮಾರಾಟ ಹಾಗೂ ಖರೀದಿಯು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನ್ವಯ ಅಪರಾಧ. ಹುಲಿ ಹಾಗೂ ಆನೆ ಅನುಸೂಚಿ 1ರಲ್ಲಿ ಇರುವುದರಿಂದ 3ರಿಂದ 7 ವರ್ಷಗಳವರೆಗೆ ಕಾರಾಗೃಹ ಶಿಕ್ಷೆ ಆಗಬಹುದು. 2023ರ ಅಕ್ಟೋಬರ್ ತಿಂಗಳಿನಲ್ಲಿ ಹುಲಿಯುಗುರಿನ ಪದಕಗಳ ಸಂಬಂಧ ರಾಜ್ಯದಲ್ಲಿ ಅರಣ್ಯ ಇಲಾಖೆಯು ಪ್ರಕರಣಗಳನ್ನು ದಾಖಲಿಸಿದ್ದನ್ನು ಸಾರ್ವಜನಿಕರು ಬಲ್ಲರು. ಜಾತ್ರೆಯಲ್ಲಿ ಕೊಂಡದ್ದು ಎಂಬುದು ಕಾನೂನಿನ ಮುಂದೆ ಸಮಾಧಾನವಾಗುವುದಿಲ್ಲ.

6. ಮೋಸ ಹೋದಲ್ಲಿ ಪರಿಹಾರ

ಹಾಲ್‌ಮಾರ್ಕ್ ಇರುವ ಆಭರಣದಲ್ಲಿ ಶುದ್ಧತೆ ಕಡಿಮೆ ಕಂಡುಬಂದಲ್ಲಿ, ಬಿಐಎಸ್ ನಿಯಮಗಳು, 2018ರ ಪ್ರಕಾರ ಕೊರತೆಯ ಮೊತ್ತದ ಎರಡು ಪಟ್ಟು ಹಾಗೂ ಪರೀಕ್ಷಾ ಶುಲ್ಕ ಗ್ರಾಹಕರಿಗೆ ಸಲ್ಲಬೇಕು. ಉದಾಹರಣೆಗೆ, 40 ಗ್ರಾಂನ 916 ಆಭರಣದಲ್ಲಿ 36.64 ಗ್ರಾಂ ಶುದ್ಧ ಚಿನ್ನ ಇರಬೇಕು. ಪರೀಕ್ಷೆಯಲ್ಲಿ ಅದು 833 ಎಂದು ಕಂಡುಬಂದಲ್ಲಿ ಇರುವುದು 33.32 ಗ್ರಾಂ. ಕೊರತೆ 3.32 ಗ್ರಾಂ, ಇದರ ಬೆಲೆಯ ಎರಡು ಪಟ್ಟು ಪರಿಹಾರ.

ದೂರು ಸಲ್ಲಿಸುವ ವಿಧಾನ:
ಅ) ಮೊದಲು ವ್ಯಾಪಾರಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳುವುದು.
ಆ) ಶುದ್ಧತೆ ಹಾಗೂ ಹಾಲ್‌ಮಾರ್ಕ್ ಕುರಿತು ಬಿಐಎಸ್ ಕೇರ್ ಆ್ಯಪ್ ಮೂಲಕ, ತೂಕದ ಕುರಿತು ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡುವುದು.
ಇ) ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು.
ಈ) ಪರಿಹಾರ ದೊರೆಯದಿದ್ದಲ್ಲಿ ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂದಿಲ್ಲ. ಬೇರೆ ಜಿಲ್ಲೆಯಲ್ಲಿ ಕೊಂಡಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಲು ಅವಕಾಶವಿದೆ.

ದೂರಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು: ಮೂಲ ರಸೀದಿಯ ಪ್ರತಿ, ಎಚ್‌ಯುಐಡಿ ವಿವರ, ಪರೀಕ್ಷಾ ಕೇಂದ್ರದ ವರದಿ, ಹಣ ಪಾವತಿಯ ದಾಖಲೆ, ವ್ಯಾಪಾರಿಗೆ ಬರೆದ ಪತ್ರದ ಪ್ರತಿ ಹಾಗೂ ಗುರುತಿನ ಚೀಟಿಯ ಪ್ರತಿ.

ಎರಡು ವರ್ಷಗಳ ಅವಧಿಯನ್ನು ಗಮನದಲ್ಲಿಟ್ಟುಕೊಂಡು, ಆಭರಣ ಕೊಂಡ ಕೂಡಲೇ ಎಚ್‌ಯುಐಡಿ ಪರಿಶೀಲಿಸಿ, ಸಂಶಯವಿದ್ದಲ್ಲಿ ಶುದ್ಧತೆಯ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ, ರಸೀದಿಯನ್ನು ಹೊಲದ ಪಹಣಿಯಷ್ಟೇ ಜೋಪಾನವಾಗಿ ಕಾಯ್ದಿರಿಸಬೇಕೆಂದೂ ಸಾರ್ವಜನಿಕರಲ್ಲಿ ಕೋರಲಾಗಿದೆ.