ಕೋಣೆ ಇದ್ದಷ್ಟು ಮಂಚ

ಹೋದ ಬೇಸಿಗೆಯಲ್ಲಿ ಅವ್ವ ಧಾರವಾಡದಿಂದ ಬೆಂಗಳೂರಿನ ನಮ್ಮ ಮನೆಗೆ ಬಂದಳು. ಈ ಸಲ ನಾಲ್ಕು ದಿನಕ್ಕಲ್ಲ, ಇಲ್ಲೇ ಇರಲು. ನಮ್ಮದು ಎರಡೇ ಮಲಗುವ ಕೋಣೆಗಳ ಮನೆ. ಹಾಗಾಗಿ ಮೂರನೇ ಕ್ಲಾಸಿನ ಮಗಳ ಕೋಣೆಯೇ ಅಜ್ಜಿಯ ಕೋಣೆಯೂ ಆಯಿತು. 10 ಅಡಿ ಉದ್ದ, 10 ಅಡಿ ಅಗಲ. ಅದರಲ್ಲೇ ಬಟ್ಟೆಯ ಬೀರು, ಓದುವ ಮೇಜು, ಕುರ್ಚಿ.

"ನನಗ ಚಾಪಿ ಸಾಕು, ಮಂಚ ಗಿಂಚ ಬ್ಯಾಡ" ಅಂದಳು ಅವ್ವ. ಆದರೆ ಮೊಣಕಾಲು ಒಪ್ಪಬೇಕಲ್ಲ! ರಾತ್ರಿ ಬಚ್ಚಲಿಗೆ ಹೋಗಲು ಗೋಡೆ ಹಿಡಿದು ನೆಲದಿಂದ ಏಳುವ ಅವಳ ಪಾಡು ನೋಡಿ, ಮಂಚ ತರಲೇಬೇಕೆಂದು ತೀರ್ಮಾನಿಸಿದೆವು. ಮಗಳ ಬೇಡಿಕೆ ಆಗಲೇ ಸಿದ್ಧವಿತ್ತು: "ಸುತ್ತಲೂ ಮೆತ್ತೆ ಇರೋ ಗುಲಾಬಿ ಬಣ್ಣದ ಕುಶನ್ ಮಂಚ!"

ಅಂಗಡಿಯಲ್ಲಿ ಅಂಥದ್ದೊಂದು ಸಿಕ್ಕಿತು. 5 ಅಡಿ ಅಗಲ, ಮಖಮಲ್ಲಿನ ಹೊದಿಕೆ. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಅದು ಪುಟ್ಟದಾಗಿಯೇ ಕಾಣುತ್ತಿತ್ತು. ನಾನು ಮುಂಗಡ ಕೊಡಲು ಪರ್ಸ್ ತೆಗೆದೆ. ಅವ್ವ ಒಂದೇ ಮಾತು ಕೇಳಿದಳು: "ಇದನ್ನ ಇಟ್ಟ ಮ್ಯಾಲ ರಾತ್ರಿ ಎದ್ದು ಹೋಗಾಕ ದಾರಿ ಎಲ್ಲೈತಿ?"

ಉತ್ತರ ಗೊತ್ತಿರಲಿಲ್ಲ. ಪರ್ಸ್ ಮುಚ್ಚಿ ಮನೆಗೆ ಬಂದೆವು.

ನೆಲದ ಮೇಲೆ ಪೇಪರ್ ಮಂಚ

ಮಕ್ಕಳೇ, ಮುಂದಿನ ಕೆಲಸ ನಿಮ್ಮಂಥವರದ್ದೇ. ಮಗಳು ಟೇಪು ಹಿಡಿದು ಕೋಣೆ ಅಳೆದಳು. ನಂತರ ಹಳೆಯ ಪೇಪರುಗಳನ್ನು ಅಂಟಿಸಿ ಆ ಮಂಚದಷ್ಟೇ ದೊಡ್ಡ ಹಾಳೆ ಮಾಡಿ ನೆಲಕ್ಕೆ ಹಾಸಿದಳು. ಆಗ ತಿಳಿದದ್ದು, ಅಂಗಡಿಯವರು ಹೇಳುವ '5 ಅಡಿ' ಬರೀ ಹಾಸಿಗೆಯ ಅಗಲ. ಸುತ್ತಲಿನ ಮೆತ್ತೆಯ ದಪ್ಪ ಬೇರೆ. ನಾವು ನೋಡಿದ್ದರಲ್ಲಿ ಪಕ್ಕಕ್ಕೆ ಮೂರು ಮೂರು ಇಂಚು. ಅಲ್ಲಿಗೆ 5 ಅಡಿ 6 ಇಂಚು ಆಯಿತು. ಗೋಡೆಯಿಂದ 4 ಇಂಚು ಬಿಟ್ಟರೆ 5 ಅಡಿ 10 ಇಂಚು.

ಇನ್ನು ಉಳಿದದ್ದು 4 ಅಡಿ 2 ಇಂಚು. ಎದುರು ಗೋಡೆಯ ಮೇಜಿಗೆ 2 ಅಡಿ, ಕುರ್ಚಿಗೆ ಒಂದೂವರೆ ಅಡಿ ಕಳೆಯಿರಿ. ನಡೆಯಲು ಉಳಿಯುವುದು ಬರೀ 8 ಇಂಚು!

ಉದ್ದದ ಲೆಕ್ಕವೂ ಹೀಗೆಯೇ. 78 ಇಂಚಿನ ಹಾಸಿಗೆಗೆ ತಲೆಕಡೆಯ ಮೆತ್ತೆ 4, ಕಾಲುಕಡೆಯದ್ದು 3 ಸೇರಿ 85 ಇಂಚು. ಕಾಲುಕಡೆ ಗೋಡೆಗಿರುವ ಬೀರುವಿನ ಮುಂದೆ ಉಳಿದದ್ದು 11 ಇಂಚು. ಬೀರುವಿನ ಬಾಗಿಲ ಅಗಲವೇ 18 ಇಂಚು, ತೆರೆಯುವುದೆಲ್ಲಿಂದ?

ಎರಡನೇ ಹಾಳೆ 4 ಅಡಿ ಅಗಲ, 6 ಅಡಿ ಉದ್ದದ ಹಾಸಿಗೆ ಹಿಡಿಯುವ ಮಂಚದ್ದು. ಮೆತ್ತೆ ತಲೆಯ ಕಡೆಗೆ ಮಾತ್ರ, ಉಳಿದ ಮೂರು ಕಡೆ ತೆಳ್ಳನೆಯ ಮರದ ಪಟ್ಟಿ. ಈಗ ನಡೆಯಲು ಸರಿಯಾಗಿ 2 ಅಡಿ ಸಿಕ್ಕಿತು. ಬೀರುವಿನ ಬಾಗಿಲೂ ತೆರೆಯಿತು. ದೀಪ ಆರಿಸಿ ಅಜ್ಜಿ, ಮೊಮ್ಮಗಳು ಕೈಹಿಡಿದು ಬಾಗಿಲವರೆಗೆ ನಡೆದು ನೋಡಿದರು. ಯಾರೂ ಎಡವಲಿಲ್ಲ.

ಮನೆಯಲ್ಲಿ ವಾಕರ್ ಹಿಡಿದು ನಡೆಯುವವರಿದ್ದರೆ 2 ಅಡಿ ಸಾಲದು, 3 ಅಡಿ ಬಿಡಿ. ಹಿರಿಯರು ಇಳಿಯುವ ಕಡೆಯಲ್ಲೇ ಆ ದಾರಿ ಇರಲಿ. ಮಕ್ಕಳು ಗೋಡೆಯ ಕಡೆ ಮಲಗಲಿ.

ಎತ್ತರ ಹೇಳುವುದು ಮೊಣಕಾಲು

ಅಂಗಡಿಯಲ್ಲಿ ಮಂಚದ ಮೇಲೆ ಹಿರಿಯರನ್ನೇ ಕೂರಿಸಿ ನೋಡಿ. ಪಾದ ಪೂರ್ತಿ ನೆಲ ಮುಟ್ಟಬೇಕು, ಮೊಣಕಾಲು ಕುರ್ಚಿಯಲ್ಲಿ ಕೂತಂತೆ ಮಡಿಚಿರಬೇಕು. ಕಾಲು ಜೋತಾಡಿದರೆ ಎತ್ತರ ಹೆಚ್ಚು. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ತಗ್ಗು, ಏಳುವುದು ಕಷ್ಟ. ಹಾಸಿಗೆ ಸೇರಿ 18ರಿಂದ 20 ಇಂಚು ಹೆಚ್ಚಿನವರಿಗೆ ಹೊಂದುತ್ತದೆ. ಮಂಚವೇ 18 ಇಂಚಿದ್ದು, ಮೇಲೆ 6 ಇಂಚಿನ ಹಾಸಿಗೆ ಬಂದರೆ ಕುಳ್ಳಗಿನ ಅಜ್ಜಿ ಹತ್ತಲು ಮೆಟ್ಟಿಲೇ ಬೇಕು!

ಬಟ್ಟೆ ಯಾವುದು?

ಕುಶನ್ ಮಂಚದಲ್ಲಿ ಸುಖವಿದೆ. ತಲೆಕಡೆಯ ಮೆತ್ತೆಗೆ ಒರಗಿ ಕೂತರೆ ಬೆನ್ನಿಗೆ ಹಿತ. ಓಡಾಡುವ ಮಕ್ಕಳ ಹಣೆಗೆ ಮರದ ಮೂಲೆ ತಾಗುವ ಭಯ ಕಡಿಮೆ. ಆದರೆ ಮೆತ್ತೆಗೆ ಹೊದಿಸಿದ ಬಟ್ಟೆಯನ್ನು ಬೆಡ್‌ಶೀಟಿನಂತೆ ವಾರವಾರ ಒಗೆಯಲು ಬರುವುದಿಲ್ಲ. ಮಖಮಲ್ಲು ನೋಡಲು ಚೆಂದ, ದೂಳು ಹಿಡಿದುಕೊಳ್ಳುತ್ತದೆ. ರೆಕ್ಸಿನ್ ಒರೆಸಲು ಸುಲಭ, ಆದರೆ ಸೆಕೆಗೆ ಬೆನ್ನಿಗಂಟುತ್ತದೆ, ಹಳತಾದಂತೆ ಸಿಪ್ಪೆ ಏಳುತ್ತದೆ. ಒತ್ತಾಗಿ ನೇಯ್ದ ದಪ್ಪ ಬಟ್ಟೆ, ಅದೂ ಜಿಪ್ ಬಿಚ್ಚಿ ಒಗೆಯುವಂಥದ್ದು ಸಿಕ್ಕರೆ ಒಳ್ಳೆಯದು. ಗುಂಡಿ ಹಾಕಿ ಗುಳಿ ಬೀಳಿಸಿದ ಮೆತ್ತೆಯ ಸಂದುಗಳಲ್ಲಿ ದೂಳು ಸೇರುತ್ತದೆ, ತಿಗಣೆಗೂ ಅಡಗಲು ಜಾಗ. ಹಳೆಯ ಮಂಚ ಕೊಳ್ಳುವುದಾದರೆ ಹೊಲಿಗೆಗಳನ್ನು ಟಾರ್ಚ್ ಬಿಟ್ಟು ನೋಡಿ.

ಇನ್ನೊಂದು ಸಮಸ್ಯೆ ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ತಲೆ ದಿನವೂ ಒರಗುವ ಕಡೆ ಕಲೆ ಗ್ಯಾರಂಟಿ. ಅವ್ವ ಇದಕ್ಕೂ ದಾರಿ ತೋರಿಸಿದಳು. ಹಳೆಯ ಸೀರೆಗಳನ್ನು ಸೇರಿಸಿ ತಾನೇ ಹೊಲಿದ ಕೌದಿಯನ್ನು ಮೆತ್ತೆಯ ಮೇಲೆ ಇಳಿಬಿಟ್ಟಳು. ಕೊಳೆಯಾದರೆ ತೆಗೆದು ಒಗೆದರಾಯಿತು.

ಅಡಿಯಲ್ಲಿ ಏನಿದೆ?

ಚಿಕ್ಕ ಕೋಣೆಗೆ ಪೆಟ್ಟಿಗೆ ಮಂಚವೇ ಸರಿ ಎನ್ನುವವರುಂಟು. ಸಾಮಾನು ಇಡಲು ಜಾಗವೇನೋ ಸಿಗುತ್ತದೆ. ಆದರೆ ಪಕ್ಕಕ್ಕೆ ಎಳೆಯುವ ಡ್ರಾಯರ್ ಇದ್ದರೆ ಅದನ್ನು ಎಳೆಯಲೂ ಮುಂದೆ ಜಾಗ ಬೇಕು. ಹಾಸಿಗೆ ಸಮೇತ ಮೇಲೇಳುವ ಹಲಗೆಯಾದರೆ, ಅದನ್ನು ಎತ್ತುವುದು ಹಿರಿಯರಿಗೆ ಕಷ್ಟ. ಮಕ್ಕಳು ಒಬ್ಬರೇ ತೆರೆಯಲೇಬಾರದು, ಬೆರಳು ಸಿಕ್ಕೀತು. ನೆಲಕ್ಕೆ ತಾಗುವ ಮೆತ್ತೆ ಇದ್ದರೆ ನೆಲ ಒರೆಸುವಾಗ ನೀರು ಕುಡಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಬೂಷ್ಟು ಹಿಡಿಯುವುದು ಬೇಗ. ಆದ್ದರಿಂದ ಮಂಚಕ್ಕೆ ಕಾಲಿರಲಿ, ಅಡಿಯಲ್ಲಿ ಪೊರಕೆ ಆಡುವಷ್ಟು ಜಾಗವಿರಲಿ, ಗೋಡೆಗೂ ಮೆತ್ತೆಗೂ ನಡುವೆ ಗಾಳಿಯಾಡಲಿ.

ಅಂಗಡಿಗೆ ಹೋಗುವ ಮುನ್ನ

* ಕೋಣೆಯ ಜೊತೆಗೆ ಬಾಗಿಲು, ಮೆಟ್ಟಿಲ ತಿರುವು, ಲಿಫ್ಟ್ ಅಳೆದು ಬರೆದಿಟ್ಟುಕೊಳ್ಳಿ. ಬಿಚ್ಚಿ ಜೋಡಿಸುವ ಮಂಚವೇ ಎಂದು ಕೇಳಿ.
* ಮೆತ್ತೆಯೂ ಸೇರಿದ ಹೊರಗಿನ ಅಳತೆ ಕೇಳಿ.
* ಬಟ್ಟೆಯ ಒಳಗಿರುವುದು ಮರವೇ, ಪ್ಲೈವುಡ್ಡೇ, ಪುಡಿ ಒತ್ತಿದ ಹಲಗೆಯೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿ.
* ಅಂಚಿನಲ್ಲಿ ಕೂತು ಅಲುಗಾಡಿಸಿ. ಕಿರುಗುಟ್ಟಿದರೆ ಬೇಡ.
* ಮಲಗುವವರನ್ನೇ ಕರೆದುಕೊಂಡು ಹೋಗಿ.

ನಮ್ಮ ಮಂಚ ಬಂದು ಈಗ ತಿಂಗಳುಗಳಾದವು. ಬಣ್ಣ ಗುಲಾಬಿಯಲ್ಲ, ಕಂದು. ಮೊದಲ ದಿನ ಮಗಳು ಮುಖ ಊದಿಸಿಕೊಂಡಿದ್ದಳು. ರಾತ್ರಿ ಅಜ್ಜಿ ಕೌದಿಗೆ ಒರಗಿ ಕಥೆ ಶುರು ಮಾಡಿದ ಮೇಲೆ ಬಣ್ಣದ ಸುದ್ದಿಯೇ ಬರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾವು ಕೋಣೆ ಇದ್ದಷ್ಟು ಮಂಚ ತಂದ್ವಿ, ಅಲ್ವಾ ಅಜ್ಜಿ?" ಎಂದು ಮೊನ್ನೆ ಮಗಳು ಕೇಳಿದಳು.

ಅವ್ವ ನಕ್ಕಳು. "ಖರೇನ ಯವ್ವಾ. ಆದರ ನಿನ್ನ ಕಾಲು ಮಾತ್ರ ರಾತ್ರಿ ಪೂರಾ ನನ್ನ ಹೊಟ್ಟಿ ಮ್ಯಾಲ ಚಾಚಿರತಾವ ನೋಡು!"